ಪಟ್ಟಿಯಲ್ಲಿ ಖಾಲಿ ಬಿಟ್ಟ ಎರಡು ಜಾಗ

ಅಣ್ಣ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯೊಂದನ್ನು ಕೊಂಡು ಒಂದು ವರ್ಷವಾಗಿತ್ತು. ಆ ವರ್ಷವೆಲ್ಲ ಅದು ಪುಣೆಯ ಖರಾಡಿಯಲ್ಲಿರುವ ಅವನ ಸೊಸೈಟಿಯಿಂದ ಆಫೀಸಿಗೆ, ಆಫೀಸಿನಿಂದ ಸೊಸೈಟಿಗೆ ಓಡಾಡಿತು. ಮಳೆಗಾಲದಲ್ಲಿ ನೀರು ನಿಂತ ಒಂದು ಅಂಡರ್‌ಪಾಸ್ ದಾಟಿದ್ದೇ ಅದರ ದೊಡ್ಡ ಸಾಹಸ. "ನಾಲ್ಕೂ ಗಾಲಿ ಕೂಡೇ ತಿರುಗಿದ್ದು ನಾ ಅಂತೂ ಇನ್ನೂ ನೋಡಿಲ್ಲ" ಎಂದು ವೈನಿ, ಅಂದರೆ ಅಣ್ಣನ ಹೆಂಡತಿ, ಬಂದವರ ಮುಂದೆಲ್ಲ ಅವನ ಕಾಲೆಳೆಯುತ್ತಿದ್ದರು.

ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ಅಣ್ಣನ ಗೆಳೆಯರೊಬ್ಬರು ಹೆಂಡತಿಯ ಜೊತೆ ಊಟಕ್ಕೆ ಬಂದರು. ಅವರು ಉಡುಪಿ ಕಡೆಯವರು. ಅವರ ಮನೆತನದ ಟಿಫಿನ್ ಹೊಟೇಲು ಅಣ್ಣನ ಆಫೀಸಿನ ಹಿಂದೆಯೇ ಇದೆ, ಹಾಗಾಗಿ ನಮ್ಮ ಮನೆಯಲ್ಲಿ ಅವರು 'ಹೊಟೇಲಿನವರು'. ಅವರ ಹತ್ತಿರವೂ ಅಂಥದೇ ಗಾಡಿಯಿದೆ. ಅಣ್ಣನದಕ್ಕಿಂತ ಹೆಚ್ಚು ಕೆಸರು ಕಂಡದ್ದು.

"ಗಾಡಿ ಇಟ್ಟುಕೊಂಡು ಎಂತ ಮಾಡ್ತೀರಿ ಮಾರಾಯ್ರೆ, ಪೂಜೆಯಾ?" ಎಂದು ಅವರು ಅಣ್ಣನನ್ನು ಕೆಣಕಿದರು. "ನಾಲ್ಕು ದಿವಸ ಹೋಗುವ. ಫೋನ್ ಸಿಕ್ಕದ ಕಡೆ. ಡೇರೆ ಹಾಕಿಕೊಂಡು ಇರುವ."

ಅಣ್ಣ ತಡಮಾಡದೆ ನನ್ನ ಕಡೆ ತಿರುಗಿದ. "ದಾರಿ ಎಲ್ಲಾ ನಮ್ಮ ತಂಗಿ ನೋಡ್ತಾಳ. ಆಕೀ ಕೆಲಸಾನ ಅದ."

ಅದು ನಿಜ. ನಾನು ಭೂಗೋಳ ಓದಿದವಳು. ನಕಾಶೆ ಮಾಡುವ ಒಂದು ಆಫೀಸಿನಲ್ಲಿ ಉಪಗ್ರಹದ ಚಿತ್ರಗಳನ್ನು ಪರದೆಯ ಮೇಲೆ ಹಿಗ್ಗಿಸಿ ರಸ್ತೆಗಳನ್ನು ಗುರುತಿಸುವುದು ನನ್ನ ಕೆಲಸ: ಇದು ಡಾಂಬರು, ಇದು ಕಚ್ಚಾ ದಾರಿ, ಇದು ಬರೀ ದನ ನಡೆದು ಬಿದ್ದ ಗೆರೆ. ಐದು ವರ್ಷಗಳಲ್ಲಿ ಎಷ್ಟು ಸಾವಿರ ಕಿಲೋಮೀಟರು ಗೆರೆ ಎಳೆದಿದ್ದೇನೋ ಗೊತ್ತಿಲ್ಲ. ಅವುಗಳಲ್ಲಿ ಒಂದರ ಮೇಲೂ ಕಾಲಿಟ್ಟಿಲ್ಲ.

ಆ ಪ್ರವಾಸಕ್ಕೆ ನನಗೆ ಹೋಗಬೇಕಿತ್ತು. ಇದನ್ನು ಇಲ್ಲೇ ಸ್ಪಷ್ಟವಾಗಿ ಬರೆದುಬಿಡುತ್ತೇನೆ, ಏಕೆಂದರೆ ಆಗ ಯಾರಿಗೂ ಹೇಳಲಿಲ್ಲ.

ನಾನು ಅಣ್ಣನ ಮನೆಯಿಂದ ಹದಿನೈದು ನಿಮಿಷ ನಡೆಯುವಷ್ಟು ದೂರದಲ್ಲಿ ಒಂದು ಖೋಲಿ, ಅಂದರೆ ಬಾಡಿಗೆ ಕೋಣೆ, ಹಿಡಿದು ಒಬ್ಬಳೇ ಇರುತ್ತೇನೆ. ಅಪ್ಪ ಅಣ್ಣನ ಜೊತೆ ಇರುತ್ತಾರೆ. ಅವ್ವ ತೀರಿಕೊಂಡ ಮರುವರ್ಷ ನಾನು ಬೇರೆ ಖೋಲಿ ಮಾಡಿದಾಗ ಎಲ್ಲರೂ ಯಾಕೆ ಯಾಕೆ ಎಂದು ಕೇಳಿದರು. ಆ ಮನೆಯಲ್ಲಿ ಅವ್ವನ ಸ್ಟೀಲ್ ಡಬ್ಬಿಗಳನ್ನು ಬೇರೆಯವರು ತೆಗೆದು ಮುಚ್ಚುವುದನ್ನು ನೋಡಲಾಗುತ್ತಿರಲಿಲ್ಲ. ಅದನ್ನು ವೈನಿಗೆ ಹೇಳುವುದು ಹೇಗೆ? "ಒಬ್ಬಳೇ ಇರೂದು ನನಗ ಸೇರತದ" ಎಂದೆ. ಒಂದೇ ಸಲ ಅಂದ ಮಾತು. ಆಮೇಲೆ ಅದು ನನ್ನ ಸ್ವಭಾವವೆಂದು ಮನೆಯಲ್ಲಿ ಖಾಯಂ ಆಯಿತು. ಹಬ್ಬದಲ್ಲಿ ಊಟ ಮುಗಿದ ಕೂಡಲೇ "ಆಕೀನ್ನ ಹಿಡಿದು ಕೂಡಸಬ್ಯಾಡ್ರಿ, ಆಕೀಗೆ ಹೋಗಬೇಕಾಗಿರತದ" ಎಂದು ವೈನಿ ಪ್ರೀತಿಯಿಂದಲೇ ನನ್ನನ್ನು ಬಿಡಿಸಿ ಕಳಿಸುತ್ತಾರೆ. ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಒಳಗೆ ಇಸ್ಪೀಟಿನ ಎಲೆ ಹಂಚುವ ಸದ್ದು ಕೇಳುತ್ತದೆ.

ದಾರಿ ಸಿದ್ಧ ಮಾಡುವುದು ಎರಡು ವಾರದ ಕೆಲಸವಾಯಿತು. ಪೇಟೆಯ ಗದ್ದಲ ತಪ್ಪಿಸಲು ದಿವೆ ಘಾಟ್ ಹತ್ತಿ ಸಾಸವಡ, ಅಲ್ಲಿಂದ ಅಡ್ಡದಾರಿಯಲ್ಲಿ ಭೋರ್, ಆಮೇಲೆ ಅಣೆಕಟ್ಟಿನ ಹಿನ್ನೀರನ್ನು ಸುತ್ತು ಹಾಕಿ ಪಶ್ಚಿಮಕ್ಕೆ. ಡಾಂಬರು ಮುಗಿದ ಮೇಲೆ ಹದಿನೆಂಟು ಕಿಲೋಮೀಟರು ಕಚ್ಚಾ ದಾರಿ, ಕೊನೆಗೆ ಗುಡ್ಡದ ನೆತ್ತಿಯ ಬಯಲು. ದಾರಿ ಎಲ್ಲಿ ಹಳ್ಳ ದಾಟುತ್ತದೆ, ಎಲ್ಲಿ ಏರು ಕಡಿದು, ಎಲ್ಲಿ ಎದುರು ಗಾಡಿ ಬಂದರೆ ಹಿಂದೆ ಸರಿಯಲು ಜಾಗವಿಲ್ಲ, ಎಲ್ಲ ಗುರುತಿಸಿದೆ. ಕೊನೆಯ ಹಳ್ಳಿಯ ಪೊಲೀಸ್ ಪಾಟೀಲರಿಗೆ, ಅಂದರೆ ಊರಿನ ಕಾವಲು ನೋಡುವ ಮುಖಂಡರಿಗೆ, ಫೋನ್ ಮಾಡಿ ಮರಾಠಿಯಲ್ಲಿ ವಿಚಾರಿಸಿದೆ. "ಮೇಲೆ ನೀರಿಲ್ಲ, ತಂದುಕೊಳ್ಳಿ" ಎಂದರು. ಹಾಗಾಗಿ ತಲೆಗೆ ದಿನಕ್ಕೆ ಐದು ಲೀಟರಿನಂತೆ ನೀರು, ಎರಡು ಸ್ಟೆಪ್ನಿ, ಸಿಕ್ಕಿಬಿದ್ದ ಗಾಡಿ ಎಳೆಯುವ ಬೆಲ್ಟು, ಸಲಿಕೆ, ಜಾಕಿನ ಕೆಳಗೆ ಇಡಲು ಹಲಗೆ, ಟೈರಿಗೆ ಗಾಳಿ ತುಂಬುವ ಪಂಪು. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿ, ಯಾವುದು ಯಾವ ಗಾಡಿಯಲ್ಲಿ, ಎಷ್ಟು ತೂಕ ಎಂದು ಬರೆದು, ಎರಡು ದಿನಕ್ಕೊಮ್ಮೆ ತಿದ್ದಿ ಅಪ್ಪನೊಬ್ಬರನ್ನು ಬಿಟ್ಟು ಎಲ್ಲರ ಫೋನಿಗೆ ಕಳಿಸುತ್ತಿದ್ದೆ.

ಹೊಟೇಲಿನವರ ಗಾಡಿಯಲ್ಲಿ ಅವರಿಬ್ಬರೇ. ಹಿಂದಿನ ಸೀಟು ಮಡಚಿ ನೀರು, ಅಡುಗೆ ಸಾಮಾನು. ಅಣ್ಣನ ಗಾಡಿಯಲ್ಲಿ ನಾಲ್ಕು ಸೀಟು: ಅಣ್ಣ, ವೈನಿ, ಎಂಟು ವರ್ಷದ ಅವರ ಮಗಳು, ಮತ್ತೊಬ್ಬರು. ಆ ಮತ್ತೊಬ್ಬರ ಜಾಗವನ್ನು ಖಾಲಿ ಬಿಟ್ಟೆ. ಪಟ್ಟಿಯ ಕೊನೆಗೆ ಇನ್ನೊಂದು ಜಾಗ ಖಾಲಿ ಬಿಟ್ಟೆ. ಫೋನ್ ಸಿಗದ ಕಡೆ ಹೋಗುವವರು ತಮ್ಮ ದಾರಿಯ ನಕಲನ್ನು ಊರಲ್ಲಿ ನಂಬುಗೆಯ ಒಬ್ಬರ ಹತ್ತಿರ ಇಟ್ಟು ಹೋಗಬೇಕು. ಕೊನೆಯ ದಿನ ಹೇಳಿದ ಹೊತ್ತಿಗೆ ಇವರಿಂದ ಫೋನ್ ಬರದಿದ್ದರೆ ಅವರು ಪಾಟೀಲರಿಗೆ, ಆಮೇಲೆ ಠಾಣೆಗೆ ತಿಳಿಸಬೇಕು. 'ಪುಣೆಯಲ್ಲಿ ಇರುವವರು' ಎಂದು ಬರೆದು ಮುಂದೆ ಏನೂ ಬರೆಯಲಿಲ್ಲ.

ನನ್ನ ಲೆಕ್ಕದಲ್ಲಿ ಎರಡೂ ಸರಳವಾಗಿದ್ದವು. ಸೀಟು ನನ್ನದು. ಊರಲ್ಲಿ ಇರುವವರು ಅಪ್ಪ. ಅವರು ಪ್ರವಾಸವೆಂದರೆ ಆಗದವರು. ಆದರೆ ನನ್ನ ಹೆಸರನ್ನು ನಾನೇ ತುಂಬಿಕೊಳ್ಳಲು ಕೈ ಬರಲಿಲ್ಲ. ನಮ್ಮ ಕಡೆ, ಅಂದರೆ ವಿಜಯಪುರದ ಕಡೆ, ಮನೆಯಲ್ಲಿ ಏನೇ ಕಾರ್ಯವಿದ್ದರೂ ಹೋಗಿ ಕುಂಕುಮ ಹಚ್ಚಿ ಅಕ್ಷತೆ ಕೊಟ್ಟು ಕರೆಯುವ ಪದ್ಧತಿ. ಅಪ್ಪ ಪುಣೆ ಹತ್ತಿರದ ಚಾಕಣದ ಕಾರ್ಖಾನೆಗೆ ಸೇರಿ ನಾವು ಅಲ್ಲಿ ಸಾಲುಮನೆಗಳ ಚಾಳಿನಲ್ಲಿ ಇದ್ದಾಗಲೂ ಅವ್ವ ಇದನ್ನು ಬಿಡಲಿಲ್ಲ. ಎರಡು ಬಾಗಿಲು ಆಚೆ ಇದ್ದ ಸ್ವಂತ ತಂಗಿಯನ್ನು ಕರೆಯಲಿಕ್ಕೂ ಕುಂಕುಮದ ಬಟ್ಟಲು ಹಿಡಿದು ಹೋಗುತ್ತಿದ್ದಳು. "ಕರೀಲಾರದ ಹೋಗಬಾರದು, ಕರೀದೇ ಬಿಡಲೂಬಾರದು" ಎನ್ನುತ್ತಿದ್ದಳು. ಯಾರಾದರೂ ಒಬ್ಬರು ಆ ಖಾಲಿ ಜಾಗ ನೋಡಿ "ಏ, ನೀ ಎಲ್ಲಿದ್ದಿ ಇದರಾಗ?" ಎಂದು ಕೇಳಲಿ ಎಂದು ಕಾದೆ. ಅಷ್ಟೇ ಬೇಕಿತ್ತು.

ಮೂರನೆಯ ಭಾನುವಾರ ಎಲ್ಲರೂ ಮತ್ತೆ ಅಣ್ಣನ ಮನೆಯಲ್ಲಿ ಸೇರಿದೆವು. ಊಟದ ನಡುವೆ ಹೊಟೇಲಿನವರು ಇಡ್ಲಿ ಹಿಟ್ಟು ಒಯ್ಯುವ ವಿಷಯ ತೆಗೆದರು.

"ಆ ದಾರಿಯೊಳಗ ಹಿಟ್ಟು ಕುಲುಕಿ ಕುಲುಕಿ ಹುಳಿ ಬಂದು ಮುಚ್ಚಳಾ ಹಾರತದ" ಎಂದ ಅಣ್ಣ.

"ಹಾರಲಿ. ಗುಡ್ಡದ ಮೇಲೆ ಬ್ರೆಡ್ಡು ತಿಂದೆ ಅಂತ ನಮ್ಮ ಅಣ್ಣನಿಗೆ ಗೊತ್ತಾದ್ರೆ ನನ್ನನ್ನು ಹೊಟೇಲಿನೊಳಗೆ ಸೇರಿಸುವುದಿಲ್ಲ" ಎಂದರು ಹೊಟೇಲಿನವರು. ಹೊಟೇಲಿನ ಗಲ್ಲಾ ನೋಡಿಕೊಳ್ಳುವುದು ಅವರ ಸ್ವಂತ ಅಣ್ಣ.

ಎಲ್ಲರೂ ನಗುತ್ತಿದ್ದಾಗ ಅಪ್ಪ ತಾಟಿನಲ್ಲಿ ಕೈ ತೊಳೆದು, ಯಾರ ಮುಖವನ್ನೂ ನೋಡದೆ ಕೇಳಿದರು: "ನನಗೂ ಒಂದು ಜಾಗಾ ಅದ ಏನು?"

ಅಣ್ಣ ತುತ್ತನ್ನು ಬಾಯಿಗೆ ಇಡದೆ ಹಾಗೇ ಹಿಡಿದ. ಅಪ್ಪ ಚಾಕಣದಲ್ಲಿ ಮೂವತ್ತು ವರ್ಷ ಗಾಡಿಯ ಬಿಡಿಭಾಗಗಳನ್ನು ಅಳತೆ ಹಿಡಿದು ತಪಾಸಣೆ ಮಾಡಿದವರು. ಊರಿನ ಜಾತ್ರೆಗೂ ರಜೆ ಹಾಕಿದವರಲ್ಲ. ಮೊಣಕಾಲು ನೋವೆಂದು ತರಕಾರಿಗೂ ರಿಕ್ಷಾದಲ್ಲಿ ಹೋಗುತ್ತಾರೆ.

"ಮಾವಾರ, ಖರೇನ ಬರ್ತೀರಿ?" ಎಂದು ವೈನಿ ಎದ್ದೇ ನಿಂತರು. "ನಾಲ್ಕನೇ ಸೀಟು ಖಾಲಿನ ಅದಲ್ಲರೀ!"

ಅಣ್ಣ ಆಗಲೇ ಫೋನಿನಲ್ಲಿ ಪಟ್ಟಿ ತೆರೆದು ಅಪ್ಪನ ಹೆಸರು ತುಂಬಿದ. ನನಗೆ ಸಂತೋಷವೂ ಆಯಿತು, ಅದು ಸುಳ್ಳಲ್ಲ. ಆದರೆ ಹೋದದ್ದು ನನ್ನ ಸೀಟು. ಅಪ್ಪ ಮಧ್ಯಾಹ್ನದ ನಿದ್ದೆಗೆ ಒಳಗೆ ಹೋದರು. ಅವರು ಬಾಗಿಲು ಮುಂದೆ ಮಾಡಿಕೊಂಡ ಮೇಲೆ ಅಣ್ಣ ಪಟ್ಟಿಯ ಕೊನೆಗೆ ಬಂದ.

"ಪುಣೆದಾಗ ಇರೋರು. ಇದು ನೀನ ಅಲ್ಲೇನು?"

"ಅದಕ್ಕೆ ಇವರಿಗಿಂತ ಜನ ಬೇಕಾ ಮಾರಾಯ್ರೆ?" ಎಂದರು ಹೊಟೇಲಿನವರು. "ಇವರು ಕೂತಿದ್ದಾರೆ ಅಂದ್ರೆ ನಾನು ಹುಲಿಯ ಬಾಯಿಗೂ ಧೈರ್ಯದಿಂದ ಹೋಗ್ತೇನೆ."

ಎಲ್ಲರೂ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ನಾನು "ಆಯ್ತು" ಎಂದೆ.

ಮರುವಾರ ಆಫೀಸಿನಲ್ಲಿ ರಜೆಯ ಅರ್ಜಿ ವಾಪಸು ತೆಗೆದುಕೊಳ್ಳಲು ಹೋದೆ. ಪ್ರವಾಸದ ಮಾತು ಬಂದ ದಿನವೇ ನಾಲ್ಕು ದಿನದ ರಜೆ ಹಾಕಿದ್ದೆ. ಅರ್ಜಿಯ ಪುಟ ತೆರೆದು, ಕಾರಣ ಎಂಬಲ್ಲಿ 'ಕುಟುಂಬದ ಪ್ರವಾಸ' ಎಂದು ನಾನೇ ಬರೆದದ್ದನ್ನು ನೋಡಿ, ಮುಚ್ಚಿಬಿಟ್ಟೆ. ಪಟ್ಟಿ ತಿದ್ದುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅಪ್ಪನ ಮೊಣಕಾಲಿಗೆಂದು ಎರಡು ಕಡೆ ಹೆಚ್ಚು ಹೊತ್ತು ನಿಲ್ಲುವಂತೆ ಮಾಡಿದೆ, ಮಡಚುವ ಒಂದು ಸ್ಟೂಲನ್ನು ಸೇರಿಸಿದೆ.

ಒಂದು ಸಂಜೆ ವೈನಿ ಫೋನ್ ಮಾಡಿದರು. "ಮಾವಾರಿಗೆ ಆ ಮಲಗೋ ಚೀಲ ಬೇಕಲ್ಲವಾ, ಎಲ್ಲಿ ಸಿಗತದ?"

"ನನ್ನ ಹತ್ರ ಒಂದು ಅದ ವೈನಿ, ತಂದು ಕೊಡ್ತೀನಿ."

"ನಿನ್ನ ಹತ್ರ ಯಾಕದ?"

"ಆಫೀಸಿನವರು ಕೊಟ್ಟಿದ್ದು."

ಅದನ್ನು ನಾನು ಮೊದಲನೆಯ ವಾರವೇ ಕೊಂಡಿದ್ದೆ. ಒಂದು ಮಧ್ಯಾಹ್ನ ಖೋಲಿಯ ನೆಲದ ಮೇಲೆ ಬಿಚ್ಚಿ, ಜಿಪ್ ಸರಿಯಿದೆಯೋ ನೋಡಲು ಒಳಗೆ ಹೋಗಿ ಮಲಗಿ, ಕೊರಳವರೆಗೆ ಏರಿಸಿಕೊಂಡಿದ್ದೆ. ಕೆಳಗೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಎಷ್ಟು ಹೊತ್ತು ಹಾಗೆ ಮಲಗಿದ್ದೆನೋ, ಏಳುವಾಗ ಒಗೆಯುವ ಸದ್ದು ನಿಂತಿತ್ತು. ಈಗ ಅದನ್ನು ಮತ್ತೆ ಸುರುಳಿ ಸುತ್ತಿ, ಬೆಲೆಯ ಚೀಟಿ ಕಿತ್ತು, ಅಣ್ಣನ ಮನೆಗೆ ಕೊಟ್ಟು ಬಂದೆ.

ಹೊರಡುವ ಮುಂಚಿನ ಶನಿವಾರ ಬೆಳಿಗ್ಗೆ ಸಾಮಾನು ತುಂಬಿ ನೋಡುವುದೆಂದು ಗೊತ್ತಾಗಿತ್ತು. ಅದನ್ನೂ ಪಟ್ಟಿಯಲ್ಲಿ ಬರೆದವಳು ನಾನೇ. ಎಲ್ಲವನ್ನೂ ಏರಿಸಿ, ಎಲ್ಲರೂ ತಮ್ಮ ತಮ್ಮ ಸೀಟಿನಲ್ಲಿ ಕುಳಿತು, ಬಾಗಿಲು ಹಾಕಿ ನೋಡಬೇಕು. ಏನು ಹಿಡಿಸುವುದಿಲ್ಲ ಎಂದು ಆಗಲೇ ತಿಳಿಯುವುದು.

ಸೊಸೈಟಿಯ ಪಾರ್ಕಿಂಗಿನಲ್ಲಿ ಎರಡೂ ಗಾಡಿ ಅಕ್ಕಪಕ್ಕ ನಿಂತಿದ್ದವು. ಹೊಟೇಲಿನವರು ಇಡ್ಲಿ ಪಾತ್ರೆಯನ್ನು ನೀರಿನ ಕ್ಯಾನುಗಳ ನಡುವೆ ಮುಚ್ಚಿಡಲು ನೋಡುತ್ತಿದ್ದರು. ಅವರ ಹೆಂಡತಿ ಅದನ್ನು ಹೊರಗೆ ಎಳೆಯುತ್ತಿದ್ದರು. ಅಪ್ಪ ಅಣ್ಣನ ಹಿಂದಿನ ಸೀಟಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡರು. ಅವರ ಪಕ್ಕ ಮೊಮ್ಮಗಳು. ನಾನು ಹೊರಗೆ ನಿಂತು ಮುದ್ರಿಸಿ ತಂದ ಪಟ್ಟಿಯಲ್ಲಿ ಒಂದೊಂದೇ ಗುರುತು ಹಾಕುತ್ತಿದ್ದೆ.

"ಪಾಸ್" ಎಂದರು ಅಪ್ಪ, ಕಾಲಿನ ಮುಂದಿನ ಜಾಗವನ್ನು ಗೇಣಿನಿಂದ ಅಳೆದು. ಅವರ ಬಾಯಲ್ಲಿ ಇಂದಿಗೂ ಯಾವ ವಸ್ತುವಾದರೂ ಪಾಸ್, ಇಲ್ಲವೇ ರಿಜೆಕ್ಟ್. ಆಮೇಲೆ ಕಿಟಕಿಯಿಂದ ತಲೆ ಹಾಕಿ, "ನಡಿ, ನೀನೂ ಆ ಗಾಡ್ಯಾಗ ಕುಂದ್ರು. ಎಲ್ಲಿ ಕುಂದರ್ತಿ ನೋಡೂಣು" ಎಂದರು.

"ನಾ ಬರೂದಿಲ್ಲ ಅಪ್ಪಾ. ಪುಣೆದಾಗ ಒಬ್ಬರು ಇರಬೇಕಲ್ಲ."

"ಯಾರು ಹೇಳಿದ್ರು?"

ನಾನು ಉತ್ತರಿಸುವ ಮೊದಲೇ ಪಕ್ಕದಲ್ಲಿದ್ದ ಹುಡುಗಿ, ತಿಳಿಯದವರಿಗೆ ತಿಳಿಸಿ ಹೇಳುವ ದನಿಯಲ್ಲಿ ಅಂದಳು: "ಅಜ್ಜಾ, ಆತ್ಯಾಗ ಒಬ್ಬಾಕೀನ ಇರೂದು ಭಾಳ ಸೇರತದ. ಆಕೀಗೆ ಯಾರೂ ತ್ರಾಸ ಕೊಡಬಾರದು."

ಆತ್ಯಾ ಅಂದರೆ ನಾನು, ಅವಳ ಸೋದರತ್ತೆ. ಅವಳ ಮಾತಿನಲ್ಲಿ ಯಾವ ಕೆಟ್ಟತನವೂ ಇರಲಿಲ್ಲ. ಮರಾಠಿ ಶಾಲೆಯ ಪಾಠ ಹೇಳಿಕೊಡು ಎಂದು ನನ್ನ ಹತ್ತಿರ ಬರುವಾಗಲೂ ಬಾಗಿಲಲ್ಲಿ ನಿಂತು "ತ್ರಾಸ ಇಲ್ಲಲಾ?" ಎಂದು ಕೇಳುವ ಮಗು. ನನ್ನ ಕೈಯಲ್ಲಿ ಪೆನ್ನು ಹಾಗೇ ಇತ್ತು. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು.

"ಇಲ್ಲ. ನನಗ ಬರಬೇಕಾಗಿತ್ತು."

ಹೊಟೇಲಿನವರ ಹೆಂಡತಿ ಪಾತ್ರೆಯ ಕಿವಿ ಬಿಟ್ಟರು. ಅಣ್ಣ ಗಾಡಿಯಿಂದ ಇಳಿದ.

"ಮತ್ತ ಹೇಳಬಾರದೇನು?"

"ಯಾರೂ ಕೇಳಲಿಲ್ಲ."

"ಕೇಳೂದೇನದ ಇದರಾಗ? ನೀ ಏನ ಬೀಗರಾ? ಎರಡು ದಿನಕ್ಕೊಮ್ಮೆ ಪಟ್ಟಿ ಕಳಸಾಕಿ ನೀನ. ಅದರಾಗ ನಿನ್ನ ಹೆಸರು ನೀ ಬರಕೊಳ್ಳಲಿಕ್ಕೆ ನಾ ಕುಂಕುಮ ಅಕ್ಷತಿ ತಗೊಂಡು ನಿನ್ನ ಖೋಲಿಗೆ ಬರಬೇಕಾಗಿತ್ತೇನು?"

ಅವನ ಕಿವಿಗಳು ಕೆಂಪಾಗಿದ್ದವು. ಅದು ಸಿಟ್ಟಲ್ಲ ಎಂದು ನನಗೆ ಗೊತ್ತಿತ್ತು. ಚಿಕ್ಕಂದಿನಿಂದಲೂ ತನ್ನ ತಪ್ಪು ತಿಳಿದಾಗಲೇ ಅವನು ಜೋರಾಗಿ ಮಾತಾಡುವುದು.

"ಹೌದು" ಎಂದೆ. "ಬರಬೇಕಾಗಿತ್ತು."

ವೈನಿ ಮುಂದಿನ ಸೀಟಿನಲ್ಲೇ ಕುಳಿತಿದ್ದರು. ಹಿಂದೆ ತಿರುಗಿ ಸಾಮಾನಿನ ನಡುವೆ ಇದ್ದ ಮಲಗುವ ಚೀಲವನ್ನು ನೋಡಿ, ಮೆಲ್ಲಗೆ, "ಆಫೀಸಿನವರು ಕೊಟ್ಟಿದ್ದಲ್ಲ ಅದು" ಎಂದರು. ಯಾರಿಗೂ ಅರ್ಥವಾಗಲಿಲ್ಲ.

ಅಪ್ಪ ಬೆಲ್ಟ್ ಬಿಚ್ಚಿದರು. ಒಂದು ಕೈಯಿಂದ ಬಾಗಿಲು ಹಿಡಿದು, ಮೊದಲು ಎಡಗಾಲು, ಆಮೇಲೆ ಬಲಗಾಲು ಇಳಿಸಿ ನಿಂತರು. "ನೀ ಬರ್ತಿ ಅಂತ ನಾ ಹೊಂಟಿದ್ದೆ" ಎಂದರು ನನಗೆ. "ಇಲ್ಲಂದ್ರ ಈ ಕಾಲು ತಗೊಂಡು ಗುಡ್ಡದ ಮ್ಯಾಲೆ ನಂದೇನು ಕೆಲಸ? ನೀ ಮನಿಗೆ ಬಂದ್ರೂ ಅರ್ಧಾ ತಾಸು. ನಾಲ್ಕು ದಿನಾ ಎಲ್ಲೂ ಹೋಗಲಾರದಂಗ ಸಿಗ್ತಿ ಅಂದ್ಕೊಂಡಿದ್ದೆ."

ಹೊಟೇಲಿನವರು ಮುಂದೆ ಬಂದರು. "ಅಯ್ಯೋ, ಇದೆಂತ ದೊಡ್ಡ ಸಂಗತಿ? ಇಬ್ಬರೂ ಬನ್ನಿ. ನನ್ನ ಇಡ್ಲಿ ಪಾತ್ರೆ ಬಿಡುವ, ಸಾಮಾನು ಸರಿಸುವ, ಒಂದು ಸೀಟು ಬಿಚ್ಚಿಕೊಳ್ಳುತ್ತದೆ. ಪುಣೆಯಲ್ಲಿ ನಮ್ಮ ಅಣ್ಣ ಇದ್ದಾನಲ್ಲ, ಅವನಿಗೆ ಹೇಳಿದ್ರೆ ಆಯ್ತು."

"ಬ್ಯಾಡ್ರಿ" ಎಂದರು ಅಪ್ಪ. "ಊಟದ ಹೊತ್ತಿನ್ಯಾಗ ಗಲ್ಲಾದ ಮ್ಯಾಲೆ ಕುಂತವರಿಗೆ ಫೋನ್ ಬಂತೋ ಇಲ್ಲೋ ನೆನಪು ಇರತದೇನು? ಒಳಗ ನನ್ನ ಮಕ್ಕಳು, ಮಮ್ಮಗಳು ಇರ್ತಾರ. ನಾ ಕುಂದರ್ತೀನಿ. ಆಕೀ ಹೋಗಲಿ."

ನಾನು ಬೇಡವೆಂದೆ. ಮೂರು ಸಲ ಬೇಡವೆಂದೆ. ನಾಲ್ಕನೆಯ ಸಲ ಅನ್ನಲಿಲ್ಲ. ಅದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಆ ಸೀಟಿನಲ್ಲಿ ಹೋಗಿ ಕುಳಿತೆ. ಅಣ್ಣ ಬಾಗಿಲು ಹಾಕಿ, ಗಾಜಿನ ಮೇಲೆ ಒಮ್ಮೆ ಅಂಗೈಯಿಂದ ಬಡಿದ. ಸೀಟು ಅಪ್ಪನ ಮೈಯಿಂದ ಇನ್ನೂ ಬೆಚ್ಚಗಿತ್ತು. ನನಗೆ ಬೇಕಾದದ್ದು ಸಿಕ್ಕಿತ್ತು, ಮತ್ತು ನನ್ನ ಜೊತೆ ಇರಬೇಕೆಂದು ಹೊರಟಿದ್ದ ಒಬ್ಬರೇ ಒಬ್ಬರು ಹೊರಗೆ ನಿಂತಿದ್ದರು.

ಅದೇ ಮಧ್ಯಾಹ್ನ ಅಪ್ಪನ ಖೋಲಿಯಲ್ಲಿ ಕುಳಿತು ಪಟ್ಟಿಯ ಕೊನೆಯ ಪುಟವನ್ನು ಅವರಿಗೆ ವಿವರಿಸಿದೆ. ಮೊದಲು ಪಾಟೀಲರಿಗೆ, ಅವರು ಎತ್ತದಿದ್ದರೆ ಅವರ ಮನೆಯ ನಂಬರಿಗೆ, ಆಮೇಲೆ ಠಾಣೆಗೆ. ಅಪ್ಪ ಕನ್ನಡಕ ಹಾಕಿಕೊಂಡು ಪ್ರತಿ ಸಾಲಿಗೂ ಬೆರಳಿಟ್ಟು ಓದಿದರು. ನನ್ನ ಆಫೀಸಿನಲ್ಲಿ ಯಾರೂ ಕೇಳದಂಥ ಪ್ರಶ್ನೆ ಕೇಳಿದರು: ಕೊನೆಯ ಹಳ್ಳಿಗೂ ಡಾಂಬರಿಗೂ ನಡುವೆ ಗಾಡಿ ನಿಂತರೆ ಯಾರಿಗೆ ಕಾಣುತ್ತದೆ? ನಿಮ್ಮ ಎರಡು ಗಾಡಿ ಬೇರೆ ಬೇರೆಯಾದರೆ ಯಾರ ಫೋನನ್ನು ನಂಬಬೇಕು? ನಾನು ಬರೆದುಕೊಂಡೆ. ಅವರ ಬೆರಳು ಒಂದು ಕಡೆ ನಿಂತಿತು.

"ಫೋನ್ ಬರಲಿಲ್ಲಂದ್ರ ಎಂಟು ತಾಸು ಕಾಯಬೇಕು ಅಂತ ಬರದಿ. ಎಂಟು ಯಾವ ಲೆಕ್ಕದ ಮ್ಯಾಲೆ ಹಿಡದಿ?"

"ಗಾಡಿ ಕೆಸರಾಗ ಸಿಕ್ರ ತಗೀಲಿಕ್ಕೆ, ಹಿಂದ ಬರಲಿಕ್ಕೆ…"

"ಅದು ಅಲ್ಲಿದ್ದವರ ಲೆಕ್ಕ. ಇಲ್ಲಿ ಕುಂತವರು ಎಂಟು ತಾಸು ಏನ ಮಾಡಬೇಕು?"

ಅದನ್ನು ಬರೆಯುವಾಗ ನಾನು ಆ ಬಗ್ಗೆ ಯೋಚಿಸಿರಲೇ ಇಲ್ಲ. ಆಮೇಲೆ ಆ ಜಾಗಕ್ಕೆ ನನ್ನ ಹೆಸರು ಬಂದಾಗಲೂ ತಿದ್ದಬೇಕೆನಿಸಿರಲಿಲ್ಲ.

"ಮೂರು ಮಾಡಲೇನು?" ಎಂದೆ.

"ಮೂರು ಭಾಳ ಕಮ್ಮಿ. ನಾ ಕಾಯ್ತೀನಿ ಅಂತ ಗಾಬರಿಯಾಗಿ ನಿಮ್ಮಣ್ಣ ಜೋರು ಓಡಸ್ತಾನ. ಐದು ಬರಿ. ಐದು ನಾ ತಡೀತೀನಿ."

ಐದು ಎಂದು ಬರೆದೆ. ಅವರು ಪುಟವನ್ನು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. "ಇನ್ನೊಂದು" ಎಂದರು. "ಆ ನಾಲ್ಕು ದಿನಾ ನಾ ನಿನ್ನ ಖೋಲಿಗೆ ಬಂದು ಇರಲೇನು? ದೊಡ್ಡ ಪರದಿ ನಿನ್ನ ಕಡೆ ಅದಲ್ಲ, ನಕಾಶಿ ಹಚ್ಚಿ ಕೊಟ್ಟು ಹೋಗು."

"ಫೋನ್ ಇಲ್ಲದ ಕಡೆ ನಾವು ಎಲ್ಲಿದ್ದೀವಿ ಅಂತ ಅದರಾಗ ಕಾಣೂದಿಲ್ಲ ಅಪ್ಪಾ."

"ದಾರಿ ಕಾಣತದಲ್ಲ?"

ಕಾಣುತ್ತದೆ ಎಂದೆ. ಅಪ್ಪ ನನ್ನ ಖೋಲಿಗೆ ಬಂದದ್ದು ಒಂದೇ ಸಲ, ಸಾಮಾನು ಇಳಿಸಿದ ದಿನ. ಆಮೇಲೆ ಅಲ್ಲಿಗೆ ಯಾರೂ ಬಂದು ಉಳಿದಿಲ್ಲ. ಅವರು ಬಂದು ಏನೇನು ನೋಡುತ್ತಾರೆಂದು ಮನಸ್ಸಿನಲ್ಲೇ ಖೋಲಿಯನ್ನು ಒಂದು ಸುತ್ತು ಹಾಕಿದೆ.

"ಅಲ್ಲಿ ಕುರ್ಚಿ ಒಂದ ಅದ" ಎಂದೆ.

"ನಾನೂ ಒಬ್ಬನ ಅಲ್ಲೇನು" ಎಂದರು ಅಪ್ಪ.